ಬಸ್ ಚಾಲಕಿಯರಿಗೆ ಎತ್ತರ, ಅನುಭವದ ಷರತ್ತು ಸಡಿಲಿಸಬೇಕೆ?

ಪರ: ಗೋಡೆಯ ಗೆರೆ ಬಿಡಿ, ಸೀಟಿನಲ್ಲಿ ಕೂರಿಸಿ ನೋಡಿ

ದೆಹಲಿ ಸಾರಿಗೆ ನಿಗಮದ ಬಸ್ ಓಡಿಸಲು ಮಹಿಳೆಯರಿಗೂ 159 ಸೆಂ.ಮೀ. ಎತ್ತರ ಬೇಕಿತ್ತು. 2022ರಲ್ಲಿ ಅದನ್ನು 153ಕ್ಕೆ ಇಳಿಸಿದರು. ಮೂರು ವರ್ಷದ ಅನುಭವ ಬೇಕೆಂಬ ಷರತ್ತನ್ನೂ ಒಂದು ತಿಂಗಳಿಗೆ ತಂದರು. ಕೆಎಸ್‌ಆರ್‌ಟಿಸಿಯ ಚಾಲಕ-ಕಂ-ನಿರ್ವಾಹಕ ನೇಮಕಾತಿಯಲ್ಲಿ ಪುರುಷರಿಗೆ 163, ಮಹಿಳೆಯರಿಗೆ 153 ಎಂದಿದೆ. ಭಾರತದ ವಯಸ್ಕ ಮಹಿಳೆಯ ಸರಾಸರಿ ಎತ್ತರವೇ ಸುಮಾರು 152. ಅಂದರೆ 159 ಇದ್ದಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 153ಕ್ಕೆ ಇಳಿಸಿದ ಮೇಲೂ ಅರ್ಧದಷ್ಟು ಹೆಣ್ಣುಮಕ್ಕಳು ಅಳತೆಯ ಕಂಬದ ಬಳಿಯಿಂದಲೇ ಮನೆಗೆ ಮರಳಬೇಕು.

ಬಸ್ಸನ್ನು ಯಾರೂ ನಿಂತು ಓಡಿಸುವುದಿಲ್ಲ. ಕಾಲು ಪೆಡಲಿಗೆ ಎಟಕುತ್ತದೆಯೇ, ಕಣ್ಣಿಗೆ ರಸ್ತೆ ಕಾಣುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಎತ್ತರ ಒಂದು ಅಂದಾಜಿನ ಉತ್ತರ, ಅಷ್ಟೇ. ಉದ್ದ ಕಾಲಿನ 150 ಸೆಂ.ಮೀ. ಹುಡುಗಿಗೆ ಸಲೀಸಾಗಿ ಸಿಗುವ ಕ್ಲಚ್, ಗಿಡ್ಡ ಕಾಲಿನ 160 ಸೆಂ.ಮೀ. ಗಂಡಿಗೆ ಸಿಗದಿರಬಹುದು. ಹಾಗಾಗಿ ನೇರವಾಗಿ ಪರೀಕ್ಷಿಸುವುದೇ ಸರಿ. ಅಭ್ಯರ್ಥಿಯನ್ನು ನಿಜವಾದ ಬಸ್ಸಿನ ಸೀಟಿನಲ್ಲಿ, ಬೆನ್ನು ಪೂರ್ತಿ ಒರಗುವಂತೆ ಕೂರಿಸಬೇಕು. ಕ್ಲಚ್ಚನ್ನು ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು, ಸೊಂಟ ಜರುಗಬಾರದು. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಬೇಕು. ಭುಜ ಒರಗಿನಿಂದ ಏಳದೆಯೇ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಲು ಆಗಬೇಕು. ಕತ್ತು ಹೊರಳಿಸಿದರೆ ಸಾಕು, ಎರಡೂ ಕನ್ನಡಿ ಕಾಣಬೇಕು. ಕೊನೆಗೆ ಬಂಪರಿನ ಮುಂದೆ, ಪುಟ್ಟ ಮಗುವಿನಷ್ಟು ಎತ್ತರದ ಕೋನ್ ಇಟ್ಟು, ಎಷ್ಟು ಹತ್ತಿರ ತಂದಾಗ ಅದು ಮರೆಯಾಗುತ್ತದೆಂದು ಅಳೆಯಬೇಕು. ಹತ್ತು ನಿಮಿಷದ ಕೆಲಸ.

ತೋಳ್ಬಲದ ಮಾತು ಹಳೆಯ ಬಸ್ಸುಗಳ ಕಾಲದ್ದು. ಈಗ ಸ್ಟೇರಿಂಗಿನ ಭಾರವನ್ನು ಹೈಡ್ರಾಲಿಕ್ ಪಂಪ್ ಹೊರುತ್ತದೆ. ಏರ್ ಬ್ರೇಕಿನಲ್ಲಿ ಕಾಲು ತೆರೆಯುವುದು ಬರೀ ಒಂದು ವಾಲ್ವನ್ನು; ಚಕ್ರವನ್ನು ಹಿಡಿದು ನಿಲ್ಲಿಸುವುದು ಟ್ಯಾಂಕಿನ ಒತ್ತಿದ ಗಾಳಿ. ಎಲೆಕ್ಟ್ರಿಕ್ ಬಸ್ಸಿಗಂತೂ ಕ್ಲಚ್ಚೇ ಇಲ್ಲ. ಹೀಗಿರದ ಬಸ್ಸುಗಳಿದ್ದ 1993ರಲ್ಲೇ ತಮಿಳುನಾಡಿನಲ್ಲಿ ವಸಂತಕುಮಾರಿ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದರು.

ಇನ್ನು ಅನುಭವ. ಹಗುರ ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾಗದೆ ಸಾರಿಗೆ ವಾಹನ ಕಲಿಯುವುದಕ್ಕೇ ಕಾನೂನು ಬಿಡುವುದಿಲ್ಲ. ಅದರ ಮೇಲೆ ಮತ್ತೆ ಮೂರು ವರ್ಷ ಎಂದರೆ, ಆ ಮೂರು ವರ್ಷ ಸಿಗುವುದಾದರೂ ಎಲ್ಲಿ? ಗಂಡಸರು ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ, ರಾತ್ರಿ ಖಾಲಿ ರಸ್ತೆಯಲ್ಲಿ ಓನರ್‌ಗೆ ತಿಳಿಯದಂತೆ ಸ್ಟೇರಿಂಗ್ ಹಿಡಿದು, ಕ್ಯಾಬಿನ್ನಿನಲ್ಲೇ ಮಲಗಿ ಕಲಿತವರು. ಆ ಶಾಲೆಗೆ ಹೆಣ್ಣಿಗೆ ಪ್ರವೇಶವೇ ಇಲ್ಲ. ಬೇಕಿರುವುದು ಲೈಸೆನ್ಸಿನ ವಯಸ್ಸಲ್ಲ, ಸ್ಟೇರಿಂಗ್ ಹಿಂದೆ ಕಳೆದ ಗಂಟೆಗಳು. ಅವನ್ನು ನಿಗಮವೇ ಕೊಡಬಹುದು: ಮೊದಲು ಖಾಲಿ ಬಸ್ಸಿನಲ್ಲಿ ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಇಕ್ಕಟ್ಟಿನ ತಿರುವು, ಆಮೇಲೆ ಮರಳಿನ ಚೀಲ ತುಂಬಿದ ಬಸ್ಸು, ಮಳೆ, ರಾತ್ರಿ, ಕೊನೆಗೆ ತರಬೇತುದಾರ ಪಕ್ಕದಲ್ಲಿರುವಾಗ ನಿಜವಾದ ಷೆಡ್ಯೂಲ್.

ವಿರೋಧ: ಅಂಕಿ ಇಳಿಯಿತು, ಕ್ಯಾಬಿನ್ ಬದಲಾಗಲಿಲ್ಲ

ಹೆಣ್ಣುಮಕ್ಕಳು ಬಸ್ ಓಡಿಸಬೇಕು. ಆದರೆ ಆದೇಶದ ಹಾಳೆಯಲ್ಲಿ ಆರು ಸೆಂಟಿಮೀಟರ್ ಅಳಿಸಿದ ಮಾತ್ರಕ್ಕೆ ಡಿಪೊದಲ್ಲಿ ನಿಂತ ಬಸ್ಸಿನ ಪೆಡಲ್ ಹತ್ತಿರ ಬರುವುದಿಲ್ಲ.

ಎತ್ತರದ ಗಂಡಸಿಗೆಂದು ಮಾಡಿದ ಸೀಟಿನಲ್ಲಿ ಗಿಡ್ಡ ಚಾಲಕಿ ಕೂತಾಗ ಏನಾಗುತ್ತದೆ ನೋಡಿ. ಕಾಲು ಎಟಕಲೆಂದು ಸೀಟು ತಗ್ಗಿಸಿದರೆ ಡ್ಯಾಶ್‌ಬೋರ್ಡ್ ಕಣ್ಣಿಗೆ ಅಡ್ಡ ಬರುತ್ತದೆ. ಬಸ್ಸಿನ ಮೂತಿಯ ಮುಂದೆಯೇ ದಾಟುವ ಮಗು ಕಾಣುವುದಿಲ್ಲ. ರಸ್ತೆ ಕಾಣಲೆಂದು ಎತ್ತರಿಸಿದರೆ ಹಿಮ್ಮಡಿ ನೆಲ ಬಿಡುತ್ತದೆ. ಮುಂದಕ್ಕೆ ಎಳೆದುಕೊಂಡರೆ ಎದೆ ಸ್ಟೇರಿಂಗಿಗೆ ಒತ್ತಿಕೊಳ್ಳುತ್ತದೆ, ಡಿಕ್ಕಿಯಾದರೆ ಮೊದಲ ಪೆಟ್ಟು ಪಕ್ಕೆಲುಬಿಗೆ. ಎಳೆಯಲು ಸೀಟು ಸರಿಯುವ ಹಳಿಯೇ ಮುಗಿದಿದ್ದರೆ ಆಕೆ ಕುಶನ್ನಿನ ಅಂಚಿನಲ್ಲಿ ಕೂರುತ್ತಾಳೆ. ಆಗ ಬೆನ್ನಿಗೆ ಒರಗಿಲ್ಲ. ರಸ್ತೆಯ ಪ್ರತಿ ಕುಲುಕೂ ನೇರ ಬೆನ್ನುಮೂಳೆಗೆ. ಅಂಚು ತೊಡೆಯ ಅಡಿಯನ್ನು ಒತ್ತಿ ಪಾದ ಜೋಮು ಹಿಡಿಯುತ್ತದೆ. ಗಾಳಿಯಲ್ಲೇ ಇಡೀ ಕಾಲು ಎತ್ತಿ ಬ್ರೇಕ್ ಒತ್ತುವವರು ಬೆಳಿಗ್ಗೆ ಚುರುಕಾಗಿದ್ದರೂ ಆರನೇ ಗಂಟೆಗೆ ತಡವರಿಸುತ್ತಾರೆ. ಬೆನ್ನ ಹಿಂದೆ ದಿಂಬು, ಪೆಡಲಿಗೆ ಕಟ್ಟಿದ ಮರದ ತುಂಡು ಇನ್ನೂ ಅಪಾಯ: ದಿಂಬು ಜಾರುತ್ತದೆ, ತುಂಡು ಬಿಚ್ಚಿ ಬ್ರೇಕಿನ ಅಡಿಗೆ ಉರುಳುತ್ತದೆ. ಪರದವರ ಹತ್ತು ನಿಮಿಷದ ಪರೀಕ್ಷೆ ಇದನ್ನು ಹಿಡಿಯದು, ಏಕೆಂದರೆ ದಣಿವು ಹತ್ತು ನಿಮಿಷದಲ್ಲಿ ಬರುವುದಿಲ್ಲ.

ಒಂದು ತಿಂಗಳ ಅನುಭವವೆಂಬುದು ಇನ್ನೂ ಭಯದ ಮಾತು. 12 ಮೀಟರ್ ಬಸ್ಸು ಎಡಕ್ಕೆ ತಿರುಗುವಾಗ ಅದರ ಬಾಲ ಬಲಕ್ಕೆ ಬೀಸುತ್ತದೆ. ಹಿಂದಿನ ಎಡ ಚಕ್ರ ಮುಂದಿನದಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಆ ಸಂದಿಗೆ ಸ್ಕೂಟರ್ ನುಗ್ಗಿರುತ್ತದೆ. ಬಾಗಿಲಲ್ಲಿ ಜನ ನೇತಾಡುವಾಗ ಗಕ್ಕನೆ ಬ್ರೇಕ್ ಹಾಕುವಂತಿಲ್ಲ. ಇದು ಕೈಗೆ ಹತ್ತಲು ತಿಂಗಳುಗಳೇ ಬೇಕು. ಅಪಘಾತವಾದರೆ ತನಿಖೆ ನಡೆಯುವುದು ಚಾಲಕಿಯ ಮೇಲೆ, ಅವಳ ತರಬೇತಿ ಮೊಟಕು ಮಾಡಿದವರ ಮೇಲಲ್ಲ.

153 ಸುರಕ್ಷಿತ ಎಂದಾದರೆ 160ರ ಗಂಡಸನ್ನು ಹೊರಗಿಡುವುದೇಕೆ? ಹೆಣ್ಣಿಗೆ ಮಾತ್ರ ಎಂದಾಗ "ರಿಯಾಯಿತಿಯಲ್ಲಿ ಬಂದವಳು" ಎಂಬ ಮಾತು ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ.

ಡಿಪೊ ಇನ್ನೂ ದೊಡ್ಡ ಅಡ್ಡಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕೊಡಿ ಎನ್ನುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಶೌಚಾಲಯವೇ ಇಲ್ಲದಿದ್ದರೆ ಆ ಬಿಡುವಿನಲ್ಲಿ ಆಕೆ ಮಾಡುವುದೇನು? ನೀರು ಕುಡಿಯುವುದನ್ನೇ ಬಿಡುತ್ತಾಳೆ. ಮೂತ್ರದ ಸೋಂಕು ಬರುತ್ತದೆ. ನಸುಕಿನ ಮೊದಲ ಟ್ರಿಪ್ಪಿಗೆ ಡಿಪೊ ತಲುಪಲು ಬಸ್ಸಿಲ್ಲ. ನೈಟ್ ಹಾಲ್ಟ್‌ನಲ್ಲಿ ಮಲಗಲು ಬಸ್ಸಿನ ಸೀಟೇ ಗತಿ. ಕೊನೆಗೆ ಚಾಲಕಿಯಾಗಿ ಸೇರಿದವಳು ಡಿಪೊ ಕಚೇರಿಯ ಕುರ್ಚಿಗೆ ಹೋಗುತ್ತಾಳೆ, ಲೆಕ್ಕದಲ್ಲಿ ಮಾತ್ರ ಚಾಲಕಿಯಾಗಿ ಉಳಿಯುತ್ತಾಳೆ. ನಮ್ಮ ಮೆಟ್ರೊದಲ್ಲಿ ಮಹಿಳೆಯರು ರೈಲು ಓಡಿಸುತ್ತಾ ಉಳಿದಿದ್ದಾರೆಂದರೆ ನಿಲ್ದಾಣದಲ್ಲಿ ಶೌಚಾಲಯ ಇರುವುದೂ ಒಂದು ಕಾರಣ.

ಆದ್ದರಿಂದ ಮೊದಲು ತಿದ್ದಬೇಕಾದ್ದು ಬಸ್ ಖರೀದಿಯ ಟೆಂಡರ್. 145ರಿಂದ 185 ಸೆಂ.ಮೀ. ಎತ್ತರದ ಯಾರೇ ಕೂತರೂ ಹೊಂದುವಂತೆ ಸೀಟು ಹಿಂದೆಮುಂದೆ, ಮೇಲೆಕೆಳಗೆ ಸರಿಯಬೇಕು, ಸ್ಟೇರಿಂಗ್ ಕಾಲಂ ಬಾಗಬೇಕು, ಚಾಚಬೇಕು ಎಂದು ಬರೆಯಿರಿ. ಹಾಗಿಲ್ಲದ ಬಸ್ಸನ್ನು ಕಂಪನಿಗೆ ವಾಪಸ್ ಕಳಿಸಿ. ಅಂಥ ಬಸ್ಸು ಡಿಪೊಗೆ ಬಂದ ದಿನ ಎತ್ತರದ ಷರತ್ತನ್ನೇ ಎಲ್ಲರಿಗೂ ತೆಗೆದುಹಾಕಿ. ಅಲ್ಲಿಯವರೆಗೆ, ಸೀಟು ಸರಿಯದ ಹಳೆಯ ಬಸ್ಸುಗಳೇ ತುಂಬಿರುವ ಡಿಪೊಗೆ ಗಿಡ್ಡ ಚಾಲಕಿಯನ್ನು ನಿಯೋಜಿಸುವ ಆದೇಶ ಹೊರಡಬಾರದು.