ಸೈಡ್ ಬಿ ಮತ್ತು ಪ್ರೇಕ್ಷಕರ ಎರಡು ಆಕ್ಷೇಪಗಳು

ಹೇಮಂತ್ ಎಂ. ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡನೆಯ ಭಾಗದ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಅವುಗಳಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಇನ್ನೊಂದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಚಿತ್ರವನ್ನು ಇನ್ನೂ ನೋಡದವರು ಇಲ್ಲಿಂದ ಮುಂದೆ ಓದದಿರುವುದು ಒಳ್ಳೆಯದು.

ಮೊದಲ ಭಾಗವಾದ ಸೈಡ್ ಎ ತೆರೆಕಂಡದ್ದು 2023ರ ಸೆಪ್ಟೆಂಬರ್ 1ರಂದು, ಎರಡನೆಯದಾದ ಸೈಡ್ ಬಿ ಬಂದದ್ದು ಅದೇ ವರ್ಷದ ನವೆಂಬರ್ 17ರಂದು. ನಡುವೆ ಹನ್ನೊಂದು ವಾರಗಳು. ಸಮುದ್ರದ ಪಕ್ಕ ಒಂದು ಮನೆ ಮಾಡಿಕೊಳ್ಳಬೇಕೆಂಬ ಕನಸು ಹೊತ್ತ ಕಾರು ಚಾಲಕ ಮನು, ಧಣಿಯ ಮಗ ಮಾಡಿದ ಅಪಘಾತವನ್ನು ಹಣದ ಭರವಸೆಯ ಮೇಲೆ ತನ್ನ ತಲೆಗೆ ಹಾಕಿಕೊಂಡು ಜೈಲು ಸೇರುತ್ತಾನೆ. ಧಣಿ ತೀರಿಕೊಂಡ ಮೇಲೆ ಅವನನ್ನು ಬಿಡಿಸುವವರೇ ಇಲ್ಲವಾಗುತ್ತಾರೆ. ಹೊರಗೆ ಹೋರಾಡಿ ದಣಿದ ಅವನ ಪ್ರೇಯಸಿ ಪ್ರಿಯಾ ಕೊನೆಗೆ ಬೇರೊಬ್ಬನನ್ನು ಮದುವೆಯಾಗುತ್ತಾಳೆ. ಕಥೆ ಇಲ್ಲಿಗೆ ನಿಂತಾಗ, ನಿಂತ ಜಾಗದಿಂದ ಮುಂದಿನದನ್ನು ಸಾವಿರಾರು ಜನ ತಮ್ಮ ಮನಸ್ಸಿನಲ್ಲೇ ಬರೆದುಕೊಂಡರು. ಕೆಲವರು ಇಬ್ಬರನ್ನೂ ಮತ್ತೆ ಸೇರಿಸಿದರು, ಕೆಲವರು ಮನುವಿಗೆ ಹೊಸ ಬದುಕು ಕಟ್ಟಿಕೊಟ್ಟರು. ಒಂದೇ ಚಿತ್ರವನ್ನು ಎರಡಾಗಿ ಕತ್ತರಿಸಿ ತೋರಿಸುವ ನಿರ್ಧಾರದ ನಿಜವಾದ ಪರಿಣಾಮ ಇದೇ ಎಂದು ನನ್ನ ಅಭಿಪ್ರಾಯ. ಹೀಗಾಗಿ ನವೆಂಬರ್‌ನಲ್ಲಿ ಸೈಡ್ ಬಿ ತನ್ನ ಮೊದಲ ಭಾಗದ ಜೊತೆಗಷ್ಟೇ ಅಲ್ಲ, ಪ್ರತಿ ಪ್ರೇಕ್ಷಕನ ಸ್ವಂತ ಕಥೆಯ ಜೊತೆಗೂ ತೂಗಿ ನೋಡಿಸಿಕೊಳ್ಳಬೇಕಾಯಿತು.

ಮೊದಲ ಆಕ್ಷೇಪ ಇದು: ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದವನು, ಈಗ ಒಬ್ಬನ ಹೆಂಡತಿಯಾಗಿ, ತಾಯಿಯಾಗಿ ಬದುಕುತ್ತಿರುವ ಹೆಣ್ಣಿನ ಹಿಂದೆ ಕದ್ದು ತಿರುಗುವುದನ್ನು ಪ್ರೇಮವೆಂದು ಹೇಗೆ ತೋರಿಸುತ್ತಾರೆ? ಪ್ರಶ್ನೆ ನ್ಯಾಯವಾದದ್ದೇ. ನಿಜ ಬದುಕಿನಲ್ಲಿ ಅಂಥವನನ್ನು ಯಾರೂ ಸಮರ್ಥಿಸಲಾರರು, ನಾನೂ ಸಮರ್ಥಿಸುವುದಿಲ್ಲ. ಆದರೆ ಮನು ಎರಡನೆಯ ಭಾಗದಲ್ಲಿ ಇದ್ದಕ್ಕಿದ್ದಂತೆ ಕೆಟ್ಟವನಲ್ಲ. ಮೊದಲ ಭಾಗದಲ್ಲಿ ಪ್ರಿಯಾಳಿಗಾಗಿಯೇ ಎಂದುಕೊಂಡು ಅವನು ಮಾಡಿದ ನಿರ್ಧಾರಕ್ಕೆ ಅವನಷ್ಟೇ ಬೆಲೆಯನ್ನು ಅವಳೂ ತೆತ್ತಳು. ಎರಡನೆಯ ಭಾಗದಲ್ಲಿ ಅವನು ಮರೆಯಲ್ಲಿ ನಿಂತು, ಅವಳಿಗೆ ತಿಳಿಯದಂತೆ, ಅವಳ ಗಂಡನ ಬದುಕು ಹಳಿಗೆ ಬರಲು ನೆರವಾಗುತ್ತಾನೆ. ಎರಡೂ ಕಡೆ ಇರುವುದು ಒಂದೇ ಸ್ವಭಾವ: ಅವಳ ಸುಖ ಏನೆಂಬುದನ್ನು ತಾನೇ ನಿಶ್ಚಯಿಸಿ, ಅದಕ್ಕಾಗಿ ತನ್ನನ್ನು ಸುಟ್ಟುಕೊಳ್ಳುವುದು. ಮೊದಲ ಭಾಗದಲ್ಲಿ ನಾವು ಅದನ್ನು ತ್ಯಾಗವೆಂದು ಕರೆದು ಕಣ್ಣೀರಿಟ್ಟೆವು, ಎರಡನೆಯದರಲ್ಲಿ ಅದೇ ಗುಣ ನಮ್ಮನ್ನು ಹೆದರಿಸಿತು. ಈ ಹೆದರಿಕೆಯನ್ನು ಹುಟ್ಟಿಸಿದ್ದು ಬರವಣಿಗೆಯ ಯಶಸ್ಸು. ಜೈಲಿನಿಂದ ಬಂದ ಮನು ಎಲ್ಲವನ್ನೂ ಮರೆತು ನೆಮ್ಮದಿಯಾಗಿ ಬಾಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತು, ಆದರೆ ಆ ಮನು ನಾವು ನೋಡಿದ್ದ ಮನುವಾಗಿರುತ್ತಿರಲಿಲ್ಲ.

ಸೈಡ್ ಬಿ ದುಃಖದಲ್ಲೇ ಕೊನೆಗೊಳ್ಳುವುದರಿಂದ, ನಮ್ಮ ಪ್ರೇಕ್ಷಕರಿಗೆ ದುಃಖಾಂತ್ಯ ರುಚಿಸುವುದಿಲ್ಲವೆಂಬ ಮಾತನ್ನೂ ಇದೇ ಸಂದರ್ಭದಲ್ಲಿ ಹಲವರು ಆಡಿದರು. ಅದು ನಿಜವಲ್ಲ. 1971ರ ‘ಶರಪಂಜರ’ದಲ್ಲಿ, ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಆ ಮನೆಯೇ ಮತ್ತೆ ಮಾನಸಿಕ ಆಸ್ಪತ್ರೆಗೆ ದೂಡುತ್ತದೆ, ಆ ಚಿತ್ರವನ್ನು ಜನ ಇಂದಿಗೂ ಎದೆಗೊತ್ತಿಕೊಂಡಿದ್ದಾರೆ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಪ್ರೀತಂಗೆ ನಂದಿನಿ ಸಿಗಲಿಲ್ಲ, ಆದರೂ ಚಿತ್ರ ತಿಂಗಳುಗಟ್ಟಲೆ ತುಂಬಿದ ಚಿತ್ರಮಂದಿರಗಳಲ್ಲಿ ಓಡಿತು. ಆ ದುಃಖ ಕಾವೇರಿಯ ಸುತ್ತಲಿನವರ ನಡತೆಯಿಂದ, ಪ್ರೀತಂನ ಮನಸ್ಸಿನಿಂದ ಹುಟ್ಟಿದ್ದರಿಂದಲೇ ಜನ ಅದನ್ನು ಒಪ್ಪಿದರು.

ಇದಕ್ಕೆ ತದ್ವಿರುದ್ಧವಾದದ್ದು ದಿನನಿತ್ಯದ ಧಾರಾವಾಹಿಗಳಲ್ಲಿ ನಡೆಯುತ್ತದೆ. ಅಲ್ಲಿ ವಾರವಾರವೂ ಟಿಆರ್‌ಪಿ ಬರುತ್ತದೆ, ಅಂಕಿ ಇಳಿದರೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ. ನಿನ್ನೆಯವರೆಗೆ ದಿಟ್ಟೆಯಾಗಿದ್ದ ಸೊಸೆ ಇಂದು ಕಾರಣವಿಲ್ಲದೆ ಎಲ್ಲವನ್ನೂ ಸಹಿಸಿಕೊಳ್ಳತೊಡಗುತ್ತಾಳೆ. ಪ್ರೇಕ್ಷಕರ ಅಭಿಪ್ರಾಯಕ್ಕೆ ಬೆಲೆ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ‘ನನಗೆ ಹೀಗಾಗಬೇಕಿತ್ತು’ ಎಂಬುದು ಬರಿಯ ಬಯಕೆ, ‘ಈ ಪಾತ್ರ ಹೀಗೆ ಮಾಡುವಂಥದ್ದಲ್ಲ’ ಎಂಬುದು ವಿಮರ್ಶೆ. ಕಥೆಗಾರ ಕಿವಿಗೊಡಬೇಕಾದದ್ದು ಎರಡನೆಯದಕ್ಕೆ.

ಎರಡನೆಯ ಆಕ್ಷೇಪ ಅಂಥ ವಿಮರ್ಶೆ. ಅದು ಜೈಲಿನಿಂದ ಬಂದ ಮನುವಿಗೆ ಹತ್ತಿರವಾಗುವ ಸುರಭಿಯ ಕುರಿತದ್ದು. ಚೈತ್ರಾ ಆಚಾರ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಮನುವಿನ ಎದುರು ಕುಳಿತು ಅವನನ್ನು ಅರ್ಥಮಾಡಿಕೊಳ್ಳಲು ಆಕೆ ಪಡುವ ಪಾಡು, ಇಡೀ ಸೈಡ್ ಬಿಯಲ್ಲಿ ನನಗೆ ಅತ್ಯಂತ ಹತ್ತಿರವಾದ ಭಾಗ. ಆದರೆ ಚಿತ್ರ ಆಕೆಯನ್ನು ನೋಡುವುದು ಬಹುಪಾಲು ಮನುವಿನ ಹಂಬಲದ ಕನ್ನಡಿಯಲ್ಲಿ. ಜೈಲಿನ ದಿನಗಳ ಶತ್ರು ಸೋಮನೊಂದಿಗಿನ ಹಗೆತನಕ್ಕೆ, ಹೊಡೆದಾಟಗಳಿಗೆ ಕೊಟ್ಟ ಸಮಯದಲ್ಲಿ ಅರ್ಧವನ್ನಾದರೂ ಸುರಭಿ ಒಬ್ಬಳೇ ಇರುವ ಹೊತ್ತುಗಳಿಗೆ ಕೊಟ್ಟಿದ್ದರೆ, ಒಬ್ಬ ಮನುಷ್ಯನ ತೀರದ ಪ್ರೇಮ ಪಕ್ಕದಲ್ಲಿರುವ ಇನ್ನೊಂದು ಜೀವವನ್ನು ಹೇಗೆ ಸವೆಸುತ್ತದೆ ಎಂಬುದು ಅವಳ ಕಡೆಯಿಂದಲೂ ಕಾಣುತ್ತಿತ್ತು. ಮನು ಬದಲಾಗಬೇಕಿತ್ತು ಎಂದು ನಾನು ಕೇಳುತ್ತಿಲ್ಲ. ಅವನು ಬದಲಾಗದೆ ಇದ್ದುದರ ಲೆಕ್ಕವನ್ನು ಸುರಭಿಯ ಬಾಯಿಂದಲೂ ಕೇಳಬೇಕಿತ್ತು.