ಪೂರ್ತಿ ವಾಸಿಯಾದ ಮೇಲೆ ಬರಬೇಕಂತೆ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವುದು ನಿಮಗೆಲ್ಲ ಗೊತ್ತು. ಇವತ್ತು ಒಂದು ಹೋಲ್‌ಸೇಲ್ ಅಂಗಡಿಗೆ ಸ್ಟಾಕ್ ನೋಡುವ ಕೆಲಸ ಕೇಳಲು ಇಬ್ಬರೂ ಹೋಗಿದ್ದೆವು. ಮಾಲೀಕರು ಬಿಲ್ ಪುಸ್ತಕ ಕೊಟ್ಟರು. ಇವನು ನಿಂತಲ್ಲೇ ಪುಟ ತಿರುವಿ, ಕೂಡಿದ್ದು ತಪ್ಪಾದ ಜಾಗಕ್ಕೆ ಬೆರಳಿಟ್ಟ. ಅವರಿಗೂ ಖುಷಿಯಾಯಿತು. ಆಮೇಲೆ ಇವನೇ ಕಾಯಿಲೆಯ ಹೆಸರು ಹೇಳಿದ. "ಪೂರ್ತಿ ವಾಸಿಯಾದ ಮೇಲೆ ಕರ್ಕೊಂಡು ಬನ್ನಿ ಮೇಡಂ."

ಪೂರ್ತಿ ವಾಸಿ ಅಂದರೆ ಯಾವಾಗ? ನೆಂಟರೂ ಇದನ್ನೇ ಹೇಳುತ್ತಾರೆ, ತರಬೇತಿ ಕೇಂದ್ರದವರೂ ಇದನ್ನೇ. ಮೊದಲು ವಾಸಿಯಾಗಲಿ, ಮೊದಲು ಕಲಿಯಲಿ, ಆಮೇಲೆ ಕೆಲಸ. ಆ ಆಮೇಲೆ ಬರುವುದೇ ಇಲ್ಲ. ಬಿ.ಕಾಂ. ಓದಿದ ಹುಡುಗ ವರ್ಷಗಟ್ಟಲೆ ಮೇಣದಬತ್ತಿ ಮಾಡಿಕೊಂಡು, ಕವರ್ ಅಂಟಿಸಿಕೊಂಡು ಕೂತಿದ್ದಾನೆ.

ಅಮೆರಿಕದ ಸಂಶೋಧಕರಾದ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ 1990ರ ದಶಕದಲ್ಲೇ ಇದನ್ನು ಉಲ್ಟಾ ಮಾಡಿ ತೋರಿಸಿದರು. ಮೊದಲು ಕೆಲಸ, ಕಲಿಯುವುದು ಅಲ್ಲೇ. ಅದೂ ಸಂಬಳ ಬರುವ, ಅವರವರಿಗೆ ಇಷ್ಟವಾದ ಕೆಲಸ. ಕೆಲಸ ಹುಡುಕಿಕೊಡುವವರು ಡಾಕ್ಟರರ ತಂಡದ ಜೊತೆಗೇ ಇರುತ್ತಾರೆ. ಕೆಲಸ ಸಿಕ್ಕಿತು ಅಂತ ಕೈಬಿಡುವುದಿಲ್ಲ, ಕಷ್ಟ ಬಂದಾಗ ಮಾಲೀಕರ ಹತ್ತಿರ ಮಾತಾಡುತ್ತಾರೆ. ನಮಗೆ ಬೇಕಾದದ್ದು ಅಂಥ ಒಬ್ಬರು, ಅಷ್ಟೇ.

"ಕೆಲಸದ ಒತ್ತಡಕ್ಕೆ ಕಾಯಿಲೆ ಜಾಸ್ತಿ ಆದರೆ?" ಅಂತ ಕೇಳುತ್ತೀರಿ. ಯುರೋಪಿನ 6 ಊರುಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ 312 ಜನರನ್ನು ಇಟ್ಟುಕೊಂಡು ನೋಡಿದ್ದಾರೆ, 2007ರಲ್ಲಿ ಫಲಿತಾಂಶ ಬಂದಿದೆ. ಹೀಗೆ ನೆರವು ಸಿಕ್ಕವರಲ್ಲಿ ಶೇ. 55 ಜನ ಕೆಲಸ ಮಾಡಿದರು, ಮಾಮೂಲಿ ತರಬೇತಿಯವರಲ್ಲಿ ಶೇ. 28. ಮತ್ತೆ ಆಸ್ಪತ್ರೆ ಸೇರಿದವರೂ ತರಬೇತಿಯವರಲ್ಲೇ ಜಾಸ್ತಿ. ಖಾಲಿ ಕೂರುವುದರಲ್ಲಿ ಒತ್ತಡ ಇಲ್ಲ ಅಂದುಕೊಂಡವರು ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಇದ್ದು ನೋಡಲಿ.

ನಮ್ಮಲ್ಲಿ ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ ಇದೆ. ಅದರಲ್ಲಿ ಮಾನಸಿಕ ಕಾಯಿಲೆಯವರ ಪಾಲು ಶೇ. 1, ಅದನ್ನೂ ಆಟಿಸಂ, ಬುದ್ಧಿಮಾಂದ್ಯದಂಥ ಇನ್ನೂ ಕೆಲವರ ಜೊತೆ ಹಂಚಿಕೊಳ್ಳಬೇಕು. ಕೈಹಿಡಿದು ನಿಲ್ಲುವವರು ಮಾತ್ರ ನಮ್ಮ ಪಾಲಿಗೆ ಇನ್ನೂ ಸಿಕ್ಕಿಲ್ಲ.

ಆಟೋದಲ್ಲಿ ಇವನು, "ಅಕ್ಕ, ಮುಂದಿನ ಸಲ ಕಾಯಿಲೆ ವಿಷಯ ಹೇಳೋದು ಬೇಡ ಅಲ್ವಾ?" ಅಂದ. ನಿಜ ಹೇಳಿದವನಿಗೆ ಈ ಪಾಠ ಕಲಿಸಿ ಕಳಿಸಿದರಲ್ಲ, ಸಿಟ್ಟು ತಡೆಯಲಾಗುತ್ತಿಲ್ಲ.

ನಿಮ್ಮಲ್ಲಿ ಅಂಗಡಿ, ಗೋಡೌನ್, ಆಫೀಸ್ ನಡೆಸುವವರಿದ್ದೀರಿ. ಲೆಕ್ಕದ ಕೆಲಸ ಇದ್ದರೆ ತಿಳಿಸಿ. ರಾತ್ರಿ ಮಾತ್ರೆಯ ಮಂಪರು ಇಳಿಯಲು ಹೊತ್ತಾಗುತ್ತದೆ, 11 ಗಂಟೆಗೆ ಬರಲು ಬಿಟ್ಟರೆ ಸಾಕು. ಮೊದಲ ತಿಂಗಳು ನಾನೂ ಜೊತೆಗೆ ಬಂದು ಕೂರುತ್ತೇನೆ. ಸಂಬಳ ಮಾತ್ರ ಎಲ್ಲರಿಗೆ ಕೊಡುವಷ್ಟೇ ಕೊಡಬೇಕು.