ವೇಗಕ್ಕಿಂತ ಹುಡುಕಾಟ ಮುಖ್ಯ

ಜನ ತಮ್ಮ ಕಂಪ್ಯೂಟರಿನಲ್ಲಿರುವ ಹಾಡು, ಸಿನಿಮಾಗಳನ್ನು ಇಂಟರ್ನೆಟ್ ಮೂಲಕ ನೇರವಾಗಿ ಹಂಚಿಕೊಳ್ಳಲು ಬಳಸುವ ನ್ಯಾಪ್‌ಸ್ಟರ್, ಲೈಮ್‌ವೈರ್, ಸೋಲ್‌ಸೀಕ್, ಬಿಟ್‌ಟೊರೆಂಟ್‌ಗಳನ್ನು ಹೋಲಿಸಿದ ನಿಮ್ಮ ಲೇಖನದಲ್ಲಿ ನಾಲ್ಕನ್ನೂ ವೇಗದ ಮೇಲಷ್ಟೇ ಅಳೆದಿದ್ದೀರಿ. ಹಾಡು ಬೇಕಾದವರಿಗೆ ಮುಖ್ಯವಾದದ್ದು ಅದು ಸಿಗುತ್ತಾ ಇಲ್ವಾ ಅನ್ನೋದು.

1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಜನರ ಕಂಪ್ಯೂಟರಿನಲ್ಲೇ ಇದ್ದರೂ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. ಅದಕ್ಕೇ ಥಟ್ಟನೆ ಸಿಗುತ್ತಿತ್ತು. ಅದಕ್ಕೇ 2001ರಲ್ಲಿ ಹಕ್ಕುಸ್ವಾಮ್ಯದ ಮೊಕದ್ದಮೆಯ ಕೋರ್ಟ್ ಆದೇಶದ ಮುಂದೆ ನಿಲ್ಲಲೂ ಆಗಲಿಲ್ಲ. ಲೈಮ್‌ವೈರ್ ಬಳಸುತ್ತಿದ್ದ ಗ್ನುಟೆಲ್ಲಾ ಜಾಲದಲ್ಲಿ ಅಂಥ ಪಟ್ಟಿಯೇ ಇರಲಿಲ್ಲ, ನಮ್ಮ ಹುಡುಕಾಟದ ಕೋರಿಕೆಯನ್ನು ಒಂದು ಕಂಪ್ಯೂಟರ್ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಿತ್ತು. ಹೆಸರು ನಂಬಿ ಇಳಿಸಿಕೊಂಡರೆ ಒಳಗೆ ಬೇರೇನೋ ಇರುವ ಅಪಾಯವೂ ಇತ್ತು.

ನನ್ನ ಮತ ಸೋಲ್‌ಸೀಕ್‌ಗೆ. ಒಬ್ಬರ ಬಳಿ ಅಪರೂಪದ ಒಂದು ಹಾಡು ಸಿಕ್ಕರೆ ಅವರು ಹಂಚಿಕೊಂಡಿರುವ ಇಡೀ ಫೋಲ್ಡರ್ ತೆರೆದು ನೋಡಬಹುದು. ನಮ್ಮ ಹಾಸ್ಟೆಲ್‌ನ ಒಳಜಾಲದಲ್ಲಿ (ಲ್ಯಾನ್) ಕಡತ ಹಂಚಿಕೊಳ್ಳಲು ಇದ್ದ ಡಿಸಿ ಪ್ಲಸ್ ಪ್ಲಸ್ ಕೂಡ ಹೀಗೇ. ಸೀನಿಯರ್ ಒಬ್ಬರ ಫೋಲ್ಡರ್ ಕೆದಕುವಾಗ ಅವರ ಅಜ್ಜಿ ಹಾಡಿದ ಸೋಬಾನೆ ಪದಗಳು ಸಿಕ್ಕಿದ್ದವು, ಹಳೇ ಕ್ಯಾಸೆಟ್‌ನಿಂದ ಅವರೇ ಇಳಿಸಿದ್ದು. ಹಾಡಿನ ಹಿಂದೆ ಕೋಳಿ ಕೂಗೋದೂ ಕೇಳಿಸುತ್ತಿತ್ತು. ಹೆಸರು ಟೈಪ್ ಮಾಡಿ ಹುಡುಕಿದ್ದರೆ ಅದು ನನಗೆ ಸಿಗುತ್ತಲೇ ಇರಲಿಲ್ಲ.

ಸಿನಿಮಾಗಾದರೆ ಬಿಟ್‌ಟೊರೆಂಟೇ ಸರಿ. ಕಡತವನ್ನು ಚೂರು ಮಾಡಿ ಹಲವರಿಂದ ಒಟ್ಟಿಗೆ ತರುತ್ತೆ, ಪ್ರತಿ ಚೂರನ್ನೂ ತಾಳೆ ನೋಡುತ್ತೆ. ಪೂರ್ತಿ ಕಡತ ಇಟ್ಟುಕೊಂಡ ಸೀಡರ್ ಇಲ್ಲದಿದ್ದರೆ ಮಾತ್ರ 97 ಪರ್ಸೆಂಟ್‌ಗೆ ಬಂದು ನಿಂತುಬಿಡಬಹುದು. ಹಕ್ಕುಸ್ವಾಮ್ಯ ಮುಗಿದ ಹಳೇ ಚಿತ್ರಗಳು ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಬಿಟ್‌ಟೊರೆಂಟ್‌ನಿಂದ ಇಳಿಸಿಕೊಳ್ಳುವಂತೆಯೂ ಸಿಗುತ್ತವೆ, ಅಲ್ಲಿಂದ ಶುರು ಮಾಡಿ.